‘ಡಿಸ್ಚಾರ್ಜ್ ಅಂದ್ರೆ ಬಿಡುಗಡೆ’ ಅಂತ ಬರೆದುಕೊಂಡಿದ್ದ ಹುಡುಗಿ

ಗುರುತು ಸಿಗಬಾರದು ಅಂತ ಈ ಹುಡುಗಿಯ ಹೆಸರು, ಊರು, ಕಾಲೇಜು ಬಿಟ್ಟಿದ್ದೇನೆ. ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಹತ್ತೊಂಬತ್ತು ವರ್ಷ. ರಾಯಚೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯನ್ನು ಹೇಗೋ ಬಾಯಿಪಾಠ ಮಾಡಿ ದಾಟಿದ್ದಳು. ಹಾಸ್ಟೆಲ್ ಗೆಳತಿಯೊಬ್ಬಳು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕರೆದುಕೊಂಡು ಬಂದಳು. ಕೂತ ಕೂಡಲೇ ಹೇಳಿದ್ದು ಇಷ್ಟು: “ನನ್ನ ತಲಿ ದಡ್ಡ ಐತ್ರಿ ಮೇಡಂ. ಎಷ್ಟು ಓದಿದ್ರೂ ನಿಲ್ಲಂಗಿಲ್ಲ.”

ಹಿಂದಿನ ವಾರ ವಾರ್ಡಿನಲ್ಲಿ ಒಂದು ಘಟನೆ ನಡೆದಿತ್ತು. ಸೀನಿಯರ್ ಸಿಸ್ಟರ್ ಒಬ್ಬರು “ಆರನೇ ಬೆಡ್, ವೂಂಡ್ ಡಿಸ್ಚಾರ್ಜ್ ಇದೆ, ಬರ್ಕೋ” ಅಂದಿದ್ದಾರೆ. ಇವಳಿಗೆ ತಿಳಿದದ್ದು ‘ಡಿಸ್ಚಾರ್ಜ್’ ಒಂದೇ. ಹೋಗಿ ರೋಗಿಯ ಹೆಂಡತಿಗೆ “ಇವತ್ತು ಮನಿಗಿ ಬಿಡ್ತಾರ” ಅಂದುಬಿಟ್ಟಳು. ಆ ಹೆಂಗಸು ಚಾದರ ಮಡಚಿ, ಡಬ್ಬಿ ಚೀಲಕ್ಕೆ ಹಾಕಿ, ಊರಿಗೆ ಫೋನ್ ಮಾಡಿ ಗಾಡಿ ತರಿಸಿದಳು. ಆಮೇಲೆ ಎಲ್ಲರ ಎದುರು ಬೈಗುಳ. ಕನ್ನಡ ಮೀಡಿಯಂನವರು ಈ ಕೋರ್ಸಿಗೆ ಯಾಕೆ ಬರ್ತೀರಿ ಅನ್ನೋ ಮಾತು. ಅಂದಿನಿಂದ ಊಟ ಸೇರುತ್ತಿರಲಿಲ್ಲ, ನಿದ್ದೆ ನಾಲ್ಕು ಗಂಟೆಯೂ ಇಲ್ಲ.

ಜೀವಕ್ಕೆ ಏನಾದರೂ ಮಾಡಿಕೊಳ್ಳೋ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಆದರೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವಳ ಫೋನಿನಲ್ಲಿ ಅಲ್ಲೇ ಸೇವ್ ಮಾಡಿಸಿದೆ.

ಆಮೇಲೆ ಬ್ಯಾಗಿನಿಂದ ಒಂದು ಲಾಂಗ್ ನೋಟ್‌ಬುಕ್ ತೆಗೆದಳು. ಪ್ರತಿ ಪುಟದ ನಡುವೆ ಸ್ಕೇಲ್ ಇಟ್ಟು ಗೆರೆ. ಎಡಕ್ಕೆ ಕೆಂಪು ಇಂಕಿನಲ್ಲಿ ಇಂಗ್ಲಿಷ್ ಪದ, ಬಲಕ್ಕೆ ನೀಲಿಯಲ್ಲಿ ಕನ್ನಡ. ಡಿಕ್ಷನರಿ ನೋಡಿ ದಿನಕ್ಕೆ 50 ಪದ, ಅಕ್ಷರದ ಸಾಲಿನಲ್ಲೇ. ಒಂದು ಚಿತ್ತಿಲ್ಲ, ಕಾಟಿಲ್ಲ. ‘ಡಿಸ್ಚಾರ್ಜ್ – ಬಿಡುಗಡೆ’ ಅಂತಿತ್ತು. ಮುಂದೆ ‘ಹೈಪರ್’ (ಅಂದ್ರೆ ಹೆಚ್ಚು) ಪದಗಳು, ಅದರ ಕೆಳಗೇ ‘ಹೈಪೊ’ (ಅಂದ್ರೆ ಕಡಿಮೆ) ಪದಗಳು. ಇಷ್ಟು ದುಡಿದ ಹುಡುಗಿಗೆ ತಾನು ದಡ್ಡಿ ಅನ್ನಿಸಿದೆಯಲ್ಲ ಅಂತ ನನಗೆ ಸಂಕಟವಾಯಿತು.

“ನಿಮ್ಮವ್ವ ಏನ್ ಕೆಲ್ಸ ಮಾಡ್ತಾರವ್ವ?”

“ಹತ್ತಿ ಬಿಡಿಸಾಕ ಹೋಗ್ತಾಳ್ರಿ.”

‘ಬಿಡಿಸು’ ಅಂದ್ರೆ ಏನು, ಒಂದೇ ಮಾತಿನಲ್ಲಿ ಹೇಳು ಅಂದೆ. ಬಾಯಿ ತೆರೆದಳು, ನಿಂತಳು. ಸರಿ, ಇನ್ನೇನೇನು ಬಿಡಿಸ್ತಾರೆ ಹೇಳು ಅಂದೆ. ಬೆರಳು ಮಡಚುತ್ತಾ ಹೋದಳು. ಲೆಕ್ಕ ಬಿಡಿಸ್ತಾರೆ. ಚಿತ್ರ ಬಿಡಿಸ್ತಾರೆ. ಗಂಟು, ಜಗಳ, ಅವರೆಕಾಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಲಿ ಬಿಡಿಸ್ತಾರ್ರಿ” ಅಂದಳು. ಅಲ್ಲಿಗೆ ಅಳು ಒಡೆಯಿತು. ಫೇಲಾದರೆ ಅಪ್ಪ ಓದು ಬಿಡಿಸಿ ಮದುವೆ ಮಾಡ್ತಾರೆ ಅನ್ನೋ ಭಯ ಹೊರಗೆ ಬಂದದ್ದು ಆಗಲೇ. ಅವತ್ತು ಪದಗಳ ಮಾತು ಮುಂದುವರಿಸಲಿಲ್ಲ. ಅಳಲು ಬಿಟ್ಟೆ.

ಎರಡನೇ ಭೇಟಿಯಲ್ಲಿ ಅಲ್ಲಿಂದಲೇ ಶುರು ಮಾಡಿದೆವು. ‘ಬಿಡಿಸು’ವಿನ ಅಷ್ಟೂ ಅರ್ಥಗಳನ್ನು ಅವಳಿಗೆ ಯಾರೂ ಗೆರೆ ಹಾಕಿ ಕಲಿಸಿಲ್ಲ. ಹತ್ತಿ, ಲೆಕ್ಕ, ಜಗಳ ಅಂತ ಪಕ್ಕದಲ್ಲಿ ಯಾವ ಮಾತಿದೆ ಅನ್ನೋದರಿಂದಲೇ ಅರ್ಥ ತಿಳಿಯುತ್ತದೆ. ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದೂ ಇದನ್ನೇ: ಪದದ ಪರಿಚಯ ಆಗಬೇಕಾದರೆ ಅದರ ಜೊತೆಗಾರರನ್ನು ನೋಡಬೇಕು. ‘ಪೇಷಂಟ್’ ಜೊತೆ ಬಂದರೆ ಡಿಸ್ಚಾರ್ಜ್ ಅಂದ್ರೆ ಮನೆಗೆ ಕಳಿಸೋದು. ‘ವೂಂಡ್’ ಜೊತೆ ಬಂದರೆ ಗಾಯದಿಂದ ಸೋರುವ ಕೀವು, ನೀರು. ಅವಳು ಕಲಿತದ್ದು ತಪ್ಪಲ್ಲ, ಕಾಲು ಭಾಗ ಅಷ್ಟೇ.

ಇನ್ನು ತಲೆಯಲ್ಲಿ ನಿಲ್ಲದ ವಿಷಯ. ಕಲಿತದ್ದು ಮೊದಲ ಕೆಲವೇ ಗಂಟೆಗಳಲ್ಲಿ ಜಾಸ್ತಿ ಮರೆತು ಹೋಗುತ್ತದೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ತೋರಿಸಿದ್ದ. ಅಂದರೆ ಮರೆವು ಇವಳೊಬ್ಬಳ ರೋಗ ಅಲ್ಲ. ಅಮೆರಿಕದ ಕಾರ್ಪಿಕ್ ಮತ್ತು ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆಲ್ಲ ಹೇಳುತ್ತೇನೆ. ಕಾಲೇಜು ಹುಡುಗರಿಗೆ ಆಫ್ರಿಕಾದ ಸ್ವಾಹಿಲಿ ಭಾಷೆಯ 40 ಪದ ಕಲಿಸಿದರು. ಒಮ್ಮೆ ನೆನಪಿಗೆ ಬಂದ ಪದವನ್ನೂ ಮತ್ತೆ ಮತ್ತೆ ನೆನಪಿನಿಂದ ತೆಗೆದವರಿಗೆ ವಾರದ ನಂತರ ಸುಮಾರು 80 ಶೇಕಡಾ ನೆನಪಿತ್ತು. ಒಮ್ಮೆ ಬಂದ ಮೇಲೆ ಬರೀ ನೋಡಿಕೊಂಡು ಓದಿದವರಿಗೆ ಮೂರನೇ ಒಂದು ಪಾಲಿನಷ್ಟು ಮಾತ್ರ. ನಮ್ಮ ಹುಡುಗಿ ಮಾಡುತ್ತಿದ್ದದ್ದು ಈ ಎರಡನೆಯದು. ಓದುತ್ತಿದ್ದಳು, ಚಂದವಾಗಿ ಬರೆಯುತ್ತಿದ್ದಳು, ಮುಚ್ಚಿಟ್ಟು ಕೇಳಿಕೊಳ್ಳುತ್ತಿರಲಿಲ್ಲ.

ಹಾಗಾಗಿ ನೋಟ್‌ಬುಕ್ ಬದಿಗಿಡೋಣ ಅಂದೆ. ದಿನಕ್ಕೆ 50 ಬೇಡ, ಎಂಟು ಸಾಕು. ಡಿಕ್ಷನರಿಯಿಂದ ಅಲ್ಲ, ಅವತ್ತು ವಾರ್ಡಿನಲ್ಲಿ ಕಿವಿಗೆ ಬಿದ್ದದ್ದು, ಕ್ಲಾಸಿನಲ್ಲಿ ತಡವರಿಸಿದ್ದು. ಗಟ್ಟಿ ಕಾಗದ ಕತ್ತರಿಸಿ ಒಂದು ಕಡೆ ಪದ, ಹಿಂದೆ ಕೇಳಿದ ಪೂರ್ತಿ ವಾಕ್ಯ, ಕೆಳಗೆ ಅವ್ವನಿಗೆ ಹೇಳುವ ಹಾಗೆ ಅವಳದೇ ಕನ್ನಡ. ತಿರುಗಿಸಿ ನೋಡುವ ಮೊದಲು ಬಾಯಿಬಿಟ್ಟು ಹೇಳಬೇಕು. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಹೈಪರ್, ಹೈಪೊ ಎರಡನ್ನೂ ಒಂದೇ ದಿನ ಕಲಿಯಬೇಡ, ಒಂದು ಗಟ್ಟಿಯಾದ ಮೇಲೆ ಇನ್ನೊಂದು ಅಂದೆ. ಅರ್ಥದಲ್ಲಿ ನಂಟಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ತೊಡಕಾಗುತ್ತದೆ ಅಂತ ಟಿಂಕಮ್ ಅನ್ನೋ ಸಂಶೋಧಕ 1993ರಲ್ಲೇ ತೋರಿಸಿದ್ದಾನೆ. ಹನ್ನೊಂದಕ್ಕೆ ಮಲಗಬೇಕು, ಇದು ಚೌಕಾಸಿ ಇಲ್ಲದ ಮಾತು. ವಾರ್ಡಿನಲ್ಲಿ ಹೇಳಿದ್ದು ತಿಳಿಯದಿದ್ದರೆ “ಸಿಸ್ಟರ್, ಇನ್ನೊಮ್ಮೆ ಹೇಳ್ರಿ” ಅನ್ನೋದನ್ನು ನನ್ನ ಮುಂದೆ ಹತ್ತು ಸಲ ಹೇಳಿಸಿದೆ. ರೋಗಿಯ ಜೀವದ ಪ್ರಶ್ನೆ ಇದು, ಸುಮ್ನೆ ತಲೆ ಆಡಿಸೋ ಹಾಗಿಲ್ಲ ಅಲ್ವಾ?

ಅಪ್ಪನ ಜೊತೆ ಮಾತಾಡಲಾ ಅಂತ ಕೇಳಿದೆ. ಬೇಡ, ನಾನೇ ಕೇಳ್ತೀನಿ ಅಂದಳು. ಕೇಳಿದಳು ಕೂಡ. ಅವರು ಪೂರ್ತಿ ಭರವಸೆ ಕೊಡಲಿಲ್ಲ. “ಈ ವರ್ಷ ಮುಗೀಲಿ, ನೋಡೂಣು” ಅಂದರಂತೆ. ಮೂರು ತಿಂಗಳಿಂದ ಒಳಗೇ ಕೊರೆಯುತ್ತಿದ್ದ ಮಾತನ್ನು ಕೇಳಿದ್ದಕ್ಕೇ ಅವಳ ಮುಖ ಹಗುರಾಗಿತ್ತು.

ಐದನೇ ಭೇಟಿಗೆ ಬಂದಾಗ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡಿನ ಕಟ್ಟು ಮೇಜಿನ ಮೇಲಿಟ್ಟಳು. ಅಂಚು ಮಾಸಿದ್ದವು. ಇಂಟರ್ನಲ್ಸ್‌ನಲ್ಲಿ ಒಂದು ವಿಷಯ ಬಿಟ್ಟು ಉಳಿದವು ಪಾಸು. ವಾರ್ಡಿನಲ್ಲಿ ಇನ್ನೊಮ್ಮೆ ಕೇಳೋ ಧೈರ್ಯ ಬಂದಿದೆ. ಕ್ಲಾಸಿನಲ್ಲಿ ಎದ್ದು ಕೇಳೋಕೆ ಇನ್ನೂ ಆಗುತ್ತಿಲ್ಲ. ಈಗ ತಿಂಗಳಿಗೊಮ್ಮೆ ಬರುತ್ತಾಳೆ, ನಾವು ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.