ಹೊಸ ಕ್ರಿಪ್ಟೋ ಕಾಯಿನ್‌ನ ಪ್ರೀಸೇಲ್‌ಗೆ ಹಣ ಹಾಕೋ ಮುಂಚೆ ಅದು ಮೋಸವೋ ಅಲ್ಲವೋ ಅಂತ ತಿಳಿಯೋದು ಹೇಗೆ?

ಪರಿಚಯದವರೊಬ್ಬರು ಟೆಲಿಗ್ರಾಂನಲ್ಲಿ ಲಿಂಕ್ ಕಳಿಸಿದ್ದಾರೆ, ಲಿಸ್ಟಿಂಗ್ ಆದಮೇಲೆ (ಎಕ್ಸ್‌ಚೇಂಜ್‌ನಲ್ಲಿ ಮಾರಾಟ ಶುರುವಾದಮೇಲೆ) ಹತ್ತು ಪಟ್ಟು ಅಂತಿದ್ದಾರೆ, ವೆಬ್‌ಸೈಟೂ, ಯೋಜನೆ ವಿವರಿಸೋ ವೈಟ್‌ಪೇಪರೂ ಚೆನ್ನಾಗಿವೆ, ಐವತ್ತು ಸಾವಿರ ಹಾಕಲಾ ಅಂತ ಕೇಳಿದ್ದೀರಿ. ವೆಬ್‌ಸೈಟ್, ವೈಟ್‌ಪೇಪರ್ ಎರಡನ್ನೂ ಮೊದಲು ಪಕ್ಕಕ್ಕಿಡಿ. ನಮ್ಮಲ್ಲಿ ಸೆಬಿ ಇದ್ದಹಾಗೆ ಅಮೆರಿಕದಲ್ಲಿರೋ ಎಸ್‌ಇಸಿ, 2018ರಲ್ಲಿ ಜನ ಎಚ್ಚೆತ್ತುಕೊಳ್ಳಲಿ ಅಂತ ತಾನೇ 'ಹೋವಿಕಾಯಿನ್ಸ್' ಅನ್ನೋ ಸುಳ್ಳು ಕಾಯಿನ್‌ಗೆ ಒಂದು ಸೈಟ್ ಮಾಡಿತ್ತು. ವೈಟ್‌ಪೇಪರ್, ತಂಡದ ಫೋಟೋಗಳು, ಸೆಲೆಬ್ರಿಟಿಗಳ ಹೊಗಳಿಕೆ, ಬೇಗ ಕೊಂಡವರಿಗೆ ಡಿಸ್ಕೌಂಟ್, ಏನೂ ಕಮ್ಮಿ ಇರಲಿಲ್ಲ. ಕೊಳ್ಳೋ ಬಟನ್ ಒತ್ತಿದರೆ ಮಾತ್ರ ಎಚ್ಚರಿಕೆಯ ಪುಟ ತೆರೆದುಕೊಳ್ತಿತ್ತು. ಸರ್ಕಾರಿ ಇಲಾಖೆ ಕೈಲೇ ಇಷ್ಟು ಆಗುತ್ತೆ ಅಂದಮೇಲೆ ಇದನ್ನೇ ಕಸುಬು ಮಾಡಿಕೊಂಡವರ ಕೈಲಿ ಆಗಲ್ವಾ?

ನಾನು ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಕಾಯಿನ್ ಹೇಗೆ ನಡೀಬೇಕು ಅಂತ ನಿರ್ಧರಿಸೋ ಕೋಡ್, ಬರೆಯೋ ಕೆಲಸದಲ್ಲಿದ್ದೀನಿ, ನೆಂಟರು ಸ್ನೇಹಿತರು ಇಂಥ ಲಿಂಕ್ ಕಳಿಸಿ ಕೇಳ್ತಾನೇ ಇರ್ತಾರೆ. ಎಷ್ಟು ಏರುತ್ತೆ ಅನ್ನೋ ಪ್ರಶ್ನೆಗೆ ನಾನು ತಲೆನೇ ಹಾಕಲ್ಲ. ಕೊಂಡಮೇಲೆ ವಾಪಸ್ ಮಾರೋಕೆ ಆಗುತ್ತಾ, ಅದನ್ನ ತಡೆಯೋ ಅಧಿಕಾರ ಯಾರ ಕೈಲಿದೆ, ಇಷ್ಟೇ ನೋಡೋದು.

2021ರ ಅಕ್ಟೋಬರ್‌ನಲ್ಲಿ ಸ್ಕ್ವಿಡ್ ಅನ್ನೋ ಟೋಕನ್ (ಇಂಥದ್ದೇ ಕಾಯಿನ್) ಬಂತು. ನೆಟ್‌ಫ್ಲಿಕ್ಸ್‌ನಲ್ಲಿ ಆಗಷ್ಟೇ ಹೆಸರು ಮಾಡಿದ್ದ 'ಸ್ಕ್ವಿಡ್ ಗೇಮ್' ಸೀರೀಸ್‌ನ ಹೆಸರು ಇಟ್ಟುಕೊಂಡಿತ್ತು, ಆದರೆ ಅವರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬೆಲೆ ದಿನೇ ದಿನೇ ಏರಿ 2,800 ಡಾಲರ್ ದಾಟಿತು. ನವೆಂಬರ್ 1ರಂದು ಕೆಲವೇ ನಿಮಿಷಗಳಲ್ಲಿ ಒಂದು ಸೆಂಟ್‌ಗಿಂತ ಕೆಳಗೆ ಬಿತ್ತು. ಮಾಡಿದವರು ಸುಮಾರು 33 ಲಕ್ಷ ಡಾಲರ್ ಬಾಚಿಕೊಂಡು ನಾಪತ್ತೆ. ಎಲ್ಲರೂ ಆ ಕುಸಿತದ ಬಗ್ಗೆ ಮಾತಾಡ್ತಾರೆ, ನನಗೆ ಮುಖ್ಯ ಅನ್ನಿಸೋದು ಅದಕ್ಕೂ ಮುಂಚಿನ ಏರಿಕೆ. ಕೊಂಡವರು ಮಾರಬೇಕಂದ್ರೆ 'ಮಾರ್ಬಲ್ಸ್' ಅನ್ನೋ ಇನ್ನೊಂದು ಟೋಕನ್ ಬೇಕಿತ್ತು, ಅದು ಅವರದೇ ಆಟದಲ್ಲಿ ಗೆದ್ದವರಿಗೆ ಸಿಗಬೇಕಾದದ್ದು. ಅಂದರೆ ಸಾಮಾನ್ಯರು ಯಾರಿಗೂ ಮಾರೋಕೆ ದಾರಿಯಿಲ್ಲ. ಮಾರೋರೇ ಇಲ್ಲದ ಕಡೆ ಬೆಲೆ ಏರದೆ ಇನ್ನೇನಾಗುತ್ತೆ? ಇದನ್ನ ಅವರು ಮುಚ್ಚಿಟ್ಟೂ ಇರಲಿಲ್ಲ, 'ಆಂಟಿ ಡಂಪ್' ಅಂತ ಹೆಮ್ಮೆಯಿಂದ ವೈಟ್‌ಪೇಪರ್‌ನಲ್ಲೇ ಬರೆದಿದ್ದರು.

ಈ ಜಾಲಕ್ಕೆ ಹನಿಪಾಟ್ ಅಂತಾರೆ, ಹುಡುಕೋದು ಕಷ್ಟವೇನಲ್ಲ. ಟೋಕನ್‌ನ ಕಾಂಟ್ರಾಕ್ಟ್ ವಿಳಾಸ ತಗೊಂಡು ವಹಿವಾಟುಗಳನ್ನ ಎಲ್ಲರಿಗೂ ತೋರಿಸೋ ಈಥರ್‌ಸ್ಕ್ಯಾನ್, ಬಿಎಸ್‌ಸಿಸ್ಕ್ಯಾನ್ ಅಥವಾ ಸೋಲ್‌ಸ್ಕ್ಯಾನ್ ಸೈಟ್‌ನಲ್ಲಿ, ಅದು ಯಾವ ಚೈನ್‌ನಲ್ಲಿ (ಬ್ಲಾಕ್‌ಚೈನ್ ಜಾಲದಲ್ಲಿ) ಇದೆಯೋ ಅಲ್ಲಿ, ಹಾಕಿ. ಹೆಸರಿಂದ ಹುಡುಕಬೇಡಿ, ಒಂದೇ ಹೆಸರಿನ ಟೋಕನ್‌ಗಳು ಡಜನ್‌ಗಟ್ಟಲೆ ಇರುತ್ತವೆ. ವಹಿವಾಟಿನ ಪಟ್ಟಿಯಲ್ಲಿ ಬೇರೆ ಬೇರೆ ವಿಳಾಸಗಳಿಂದ ಮಾರಾಟ ಆಗಿದೆಯಾ, ಇಲ್ಲ ಬರೀ ಖರೀದಿನೇ ಕಾಣುತ್ತಾ? ಬರೀ ಖರೀದಿ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಈಥರ್‌ಸ್ಕ್ಯಾನ್, ಬಿಎಸ್‌ಸಿಸ್ಕ್ಯಾನ್‌ನಲ್ಲಾದರೆ ಕಾಂಟ್ರಾಕ್ಟ್ ಟ್ಯಾಬ್‌ನಲ್ಲಿ ಹಸಿರು ಟಿಕ್ ಇದೆಯಾ ನೋಡಿ. ಇಲ್ಲದಿದ್ದರೆ ಕೋಡನ್ನೇ ಬಚ್ಚಿಟ್ಟಿದ್ದಾರೆ ಅಂತ. ಟಿಕ್ ಇದ್ದರೆ ಕೋಡ್ ಬರದವರೂ ಆ ಪುಟದಲ್ಲಿ mint, blacklist, pause, fee ಅನ್ನೋ ಪದಗಳನ್ನ ಹುಡುಕಿ, ಪಕ್ಕದಲ್ಲಿ 'onlyOwner' (ಮಾಲೀಕನಿಗೆ ಮಾತ್ರ) ಇದೆಯಾ ನೋಡಬಹುದು. ಇದ್ದರೆ, ಮಾಲೀಕ ತನಗಿಷ್ಟ ಬಂದಷ್ಟು ಟೋಕನ್ ಹೊಸದಾಗಿ ಸೃಷ್ಟಿಸಬಹುದು, ನಿಮ್ಮ ವಿಳಾಸಕ್ಕೆ ಬೀಗ ಹಾಕಬಹುದು, ಮಾರಾಟದ ಮೇಲಿನ ಶುಲ್ಕವನ್ನ ರಾತ್ರೋರಾತ್ರಿ ಶೇ. 5ರಿಂದ 99ಕ್ಕೆ ಏರಿಸಬಹುದು. ಕೊಂಡು ಮಾರಿದಂತೆ ಅನುಕರಿಸಿ ನೋಡೋ ಹನಿಪಾಟ್ ಚೆಕರ್‌ಗಳೂ ಇವೆ, ಆದರೆ ಅವು ಹೇಳೋದು ಈ ಕ್ಷಣದ ಸ್ಥಿತಿ ಮಾತ್ರ. ಸ್ವಿಚ್ ಮಾಲೀಕನ ಕೈಲೇ ಇದ್ದರೆ ಇವತ್ತಿನ 'ಸುರಕ್ಷಿತ'ಕ್ಕೆ ಬೆಲೆ ಇಲ್ಲ.

ಯಾರ ಹತ್ತಿರ ಎಷ್ಟಿದೆ ಅಂತ ತೋರಿಸೋ ಹೋಲ್ಡರ್ಸ್ ಟ್ಯಾಬ್‌ನಲ್ಲಿ ಮೊದಲ ಹತ್ತು ವಿಳಾಸಗಳನ್ನೂ ನೋಡಿ. 'ಡೆಡ್' ಅಂತ ಕೊನೆಯಾಗೋದು ಸುಟ್ಟುಹಾಕಿದ ಟೋಕನ್‌ಗಳು, ಅದಕ್ಕೆ ಗಾಬರಿ ಬೇಡ. ಉಳಿದವರಲ್ಲಿ ಮೂರ್ನಾಲ್ಕು ಜನರ ಹತ್ತಿರವೇ ಅರ್ಧ ಕಾಯಿನ್ ಇದ್ದರೆ ಅವರು ಮಾರಿದ ದಿನ ನಿಮ್ಮ ಕಥೆ ಮುಗೀತು. ಲಿಕ್ವಿಡಿಟಿಗೆ, ಅಂದರೆ ಜನ ಕೊಳ್ಳೋಕೆ ಮಾರೋಕೆ ಅಂತ ಇಟ್ಟಿರೋ ಹಣಕ್ಕೆ, ಬೀಗ ಹಾಕಿದ್ದಾರಾ, ಎಷ್ಟು ದಿನಕ್ಕೆ ಅನ್ನೋದನ್ನೂ ಕೇಳಿ. ಬೀಗ ಇಲ್ಲ ಅಂದರೆ ಆ ಹಣವನ್ನ ಎತ್ತಿಕೊಂಡು ಹೋಗೋದು ಒಂದು ಕ್ಲಿಕ್‌ನ ಕೆಲಸ.

ಆದರೆ ನಿಮ್ಮದು ಪ್ರೀಸೇಲ್. ಬಹಳಷ್ಟು ಪ್ರೀಸೇಲ್‌ಗಳಲ್ಲಿ ನೋಡೋಕೆ ಕಾಂಟ್ರಾಕ್ಟೇ ಇರಲ್ಲ, ಒಂದು ವಾಲೆಟ್ ವಿಳಾಸಕ್ಕೆ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೋ) ಕಳಿಸಿ ಸುಮ್ಮನೆ ಕಾಯೋದು. ಆಗ ನೀವು ನಂಬ್ತಿರೋದು ಮನುಷ್ಯರನ್ನ. ಬೀದಿಯಲ್ಲಿ ಚೀಟಿ ನಡೆಸೋರು ಕೈಕೊಟ್ಟರೆ ಮನೆ ಮುಂದೆ ಹೋಗಿ ಕೂರಬಹುದು, ಇವರ ಮನೆ ಯಾವ ದೇಶದಲ್ಲಿದೆ ಅಂತಾನೇ ಗೊತ್ತಿಲ್ಲ. 2017ರಲ್ಲಿ ಸೆಂಟ್ರಾ ಟೆಕ್ ಅನ್ನೋರು ವೀಸಾ, ಮಾಸ್ಟರ್‌ಕಾರ್ಡ್ ಜೊತೆ ಒಪ್ಪಂದ ಇದೆ ಅಂತ ಸುಳ್ಳು ಹೇಳಿ ಕೋಟ್ಯಂತರ ಡಾಲರ್ ಎತ್ತಿದರು. ಅವರ ಸಿಇಒ ಅನ್ನೋ ವ್ಯಕ್ತಿ ಭೂಮಿ ಮೇಲೇ ಇರಲಿಲ್ಲ. ಪ್ರಚಾರ ಮಾಡಿದ ಬಾಕ್ಸರ್ ಮೇವೆದರ್ ಆಮೇಲೆ ಎಸ್‌ಇಸಿಗೆ ದಂಡ ಕಟ್ಟಬೇಕಾಯ್ತು. ಇನ್ನೊಂದು ಕಾಯಿನ್‌ನವರಂತೂ ತಮ್ಮ ಡಿಸೈನರ್ ಅಂತ ಹಾಲಿವುಡ್ ನಟ ರಯಾನ್ ಗಾಸ್ಲಿಂಗ್‌ನ ಫೋಟೋನೇ ಬೇರೆ ಹೆಸರಲ್ಲಿ ಹಾಕಿದ್ದರು! ಹಾಗಾಗಿ ತಂಡದ ಫೋಟೋಗಳನ್ನ ಗೂಗಲ್ ಲೆನ್ಸ್‌ಗೆ ಹಾಕಿ. 'ಪಾರ್ಟ್‌ನರ್' ಅಂತ ತೋರಿಸಿದ ಕಂಪನಿಯ ಸ್ವಂತ ಸೈಟ್‌ನಲ್ಲಿ ಈ ಕಾಯಿನ್ ಹೆಸರಿದೆಯಾ ಹುಡುಕಿ. ದೊಡ್ಡವರ ವಿಡಿಯೋ ಕಂಡರೂ ನಂಬಬೇಡಿ, ತಮ್ಮ ಹೆಸರಲ್ಲಿ ಡೀಪ್‌ಫೇಕ್ ಮಾಡಿ ಟ್ರೇಡಿಂಗ್ ಆ್ಯಪ್‌ಗಳ ಪ್ರಚಾರ ನಡೀತಿದೆ ಅಂತ 2023ರಲ್ಲಿ ನಾರಾಯಣ ಮೂರ್ತಿಯವರೇ ಎಚ್ಚರಿಸಿದ್ದರು.

ತಿಂಗಳಿಗೆ ಇಷ್ಟು ಖಾತ್ರಿ, ಜನ ಸೇರಿಸಿದರೆ ಕಮಿಷನ್ ಅಂತ ಎಲ್ಲಾದರೂ ಬರೆದಿದ್ದರೆ ಈ ಪರೀಕ್ಷೆ ಏನೂ ಬೇಡ. ನಮ್ಮ ದೇಶದಲ್ಲೇ ನಡೆದ ಗೇನ್‌ಬಿಟ್‌ಕಾಯಿನ್ ಅನ್ನೋ ಸ್ಕೀಮ್‌ನಲ್ಲಿ 18 ತಿಂಗಳು, ತಿಂಗಳಿಗೆ ಶೇ. 10 ಅಂತ ಹೇಳಿ, ಆಮೇಲೆ ಬಿಟ್‌ಕಾಯಿನ್ ಬದಲು ತಮ್ಮದೇ ಎಂಕ್ಯಾಪ್ ಟೋಕನ್ ಕೊಟ್ಟು ಉಂಡೆನಾಮ ತಿಕ್ಕಿದರು.

'ಎಫ್‌ಐಯು (ಕೇಂದ್ರದ ಹಣಕಾಸು ಗುಪ್ತಚರ ಘಟಕ) ರಿಜಿಸ್ಟರ್ಡ್, ಸರ್ಕಾರಿ ಮಾನ್ಯತೆ ಇದೆ' ಅನ್ನೋ ಮಾತಿಗೂ ಮರುಳಾಗಬೇಡಿ. ಆ ನೋಂದಣಿ ಎಕ್ಸ್‌ಚೇಂಜ್‌ಗಳಿಗೆ, ಅಕ್ರಮ ಹಣ ವರ್ಗಾವಣೆ ತಡೆಯೋಕೆ. ಕಾಯಿನ್ ಒಳ್ಳೆಯದು ಅನ್ನೋ ಸರ್ಟಿಫಿಕೇಟ್ ಅಲ್ಲ. ಲಾಭಕ್ಕೆ ಶೇ. 30 ತೆರಿಗೆ ಕಟ್ಟುತ್ತೀವಲ್ಲ ಅಂದರೆ, ತೆರಿಗೆ ತಗೊಳ್ಳೋದೇ ಬೇರೆ, ಹೊಣೆ ಹೊರೋದೇ ಬೇರೆ.

ನಿಮ್ಮ ಪರಿಚಯದವರು ಮೋಸಗಾರರು ಅಂತ ನಾನು ಹೇಳ್ತಿಲ್ಲ, ಅವರನ್ನೂ ಯಾರೋ ನಂಬಿಸಿರಬಹುದು. 'ನನಗೆ ಆಗಲೇ ದುಡ್ಡು ವಾಪಸ್ ಬಂದಿದೆ' ಅಂದರೂ ಅದು ಸಾಕ್ಷಿ ಅಲ್ಲ, ಚಿಕ್ಕ ಮೊತ್ತ ಬೇಕಂತಲೇ ಬಿಡ್ತಾರೆ. ನನ್ನನ್ನ ಕೇಳಿದರೆ ಪ್ರೀಸೇಲ್‌ಗೆ ಒಂದು ರೂಪಾಯಿನೂ ಹಾಕಬೇಡಿ. ನಿಜವಾದ ಕಾಯಿನ್ ಆಗಿದ್ದರೆ ಲಿಸ್ಟ್ ಆಗಿ ಒಂದೆರಡು ತಿಂಗಳಾದಮೇಲೂ ಇರುತ್ತೆ, ಆಗ ಕೋಡ್, ಹೋಲ್ಡರ್ಸ್ ಎಲ್ಲ ನೋಡಿ ಸ್ವಲ್ಪ ಜಾಸ್ತಿ ಬೆಲೆಗೇ ಕೊಳ್ಳಿ.

ಇನ್ನೊಂದು ವಿಷಯ. ಆ ಲಿಂಕ್‌ಗೆ ವಾಲೆಟ್ ಕನೆಕ್ಟ್ ಮಾಡಿ ಏನಾದರೂ 'ಅಪ್ರೂವ್' ಒತ್ತಿದ್ದರೆ, ನಿಮ್ಮ ಟೋಕನ್ ತೆಗೆಯೋ ಅನುಮತಿ ಕೊಟ್ಟಿರಬಹುದು; ಈಥರ್‌ಸ್ಕ್ಯಾನ್, ಬಿಎಸ್‌ಸಿಸ್ಕ್ಯಾನ್‌ನಲ್ಲಾದರೆ ಇವತ್ತೇ ಅಲ್ಲಿರೋ ಟೋಕನ್ ಅಪ್ರೂವಲ್ ಪುಟಕ್ಕೆ ಹೋಗಿ ಅದನ್ನ ರಿವೋಕ್ (ರದ್ದು) ಮಾಡಿ. ವಾಲೆಟ್‌ನ ಕೀಲಿಯಾದ ಹನ್ನೆರಡು ಪದಗಳ ಸೀಡ್ ಫ್ರೇಸ್ ಟೈಪ್ ಮಾಡಿದ್ದರೆ ರಿವೋಕ್ ಸಾಲದು, ಹೊಸ ವಾಲೆಟ್ ಮಾಡಿ ಇರೋದನ್ನೆಲ್ಲ ಅಲ್ಲಿಗೆ ಸಾಗಿಸಿ. ಹಣ ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಟ್ರಾನ್ಸಾಕ್ಷನ್ ಹ್ಯಾಶ್ (ವಹಿವಾಟಿನ ಗುರುತಿನ ಕೋಡ್) ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ.