ಹೊಸ .32 ರಿವಾಲ್ವರಿನ ಸಿಲಿಂಡರ್ ಅಲುಗಾಡುವುದು ಸಹಜವೇ?

ಹೊಸದಾಗಿ ಕೊಂಡ .32 ರಿವಾಲ್ವರಿನ ಬಗ್ಗೆ ನೀವು ನಾಲ್ಕು ಅನುಮಾನಗಳನ್ನು ಬರೆದಿದ್ದೀರಿ: ತೋಟೆ ತುಂಬುವ ಸಿಲಿಂಡರ್ ಬೆರಳು ತಾಗಿಸಿದರೆ ಅಲುಗಾಡುತ್ತದೆ, ಅದರ ಮೈಸುತ್ತ ಒಂದು ಗೀರು ಬಿದ್ದಿದೆ, ಸಿಲಿಂಡರಿಗೂ ನಳಿಗೆಗೂ ನಡುವೆ ಬೆಳಕು ಕಾಣುತ್ತದೆ, ಟ್ರಿಗರ್ ವಿಪರೀತ ಬಿಗಿಯಾಗಿದೆ. ಕೊನೆಯಲ್ಲಿ, ಹಾರಿಸಿದ ಹನ್ನೆರಡು ತೋಟೆಗಳಲ್ಲಿ ಎರಡು ಮೊದಲ ಏಟಿಗೆ ಸಿಡಿಯದೆ ಎರಡನೆಯ ಏಟಿಗೆ ಸಿಡಿದವು ಎಂಬ ಒಂದು ಸಾಲನ್ನೂ ಸೇರಿಸಿದ್ದೀರಿ. ಸೇನೆಯಲ್ಲಿ ಹತ್ತೊಂಬತ್ತು ವರ್ಷ ಆಯುಧಗಳ ದುರಸ್ತಿ ಮಾಡಿದ ಅನುಭವದಿಂದ ಹೇಳುವುದಾದರೆ, ಮೊದಲ ನಾಲ್ಕೂ ಬಹುಮಟ್ಟಿಗೆ ಸಹಜ. ನನಗೆ ಚಿಂತೆ ಹುಟ್ಟಿಸಿದ್ದು ಆ ಕೊನೆಯ ಸಾಲು.

ನಮ್ಮಲ್ಲಿ ಪರವಾನಗಿದಾರರಿಗೆ ಸಿಗುವ .32 ರಿವಾಲ್ವರುಗಳಲ್ಲಿ ಹಲವು, ನಿಮ್ಮದರಂತೆಯೇ, ನಳಿಗೆಯನ್ನು ಕೆಳಕ್ಕೆ ಮಡಚಿ ತೋಟೆ ತುಂಬುವ ಹಳೆಯ ವೆಬ್ಲಿ ಮಾದರಿಯವು. ಸಿಲಿಂಡರ್ ತಿರುಗುವ ಭಾಗವಾದ್ದರಿಂದ ಟ್ರಿಗರ್ ಮುಟ್ಟದಿರುವಾಗ ಅದರಲ್ಲಿ ತುಸು ಸಡಿಲ ಇದ್ದೇ ಇರುತ್ತದೆ. ಕೇಳಬೇಕಾದ ಪ್ರಶ್ನೆ, ಗುಂಡು ಹಾರುವ ಕ್ಷಣದಲ್ಲಿಯೂ ಆ ಸಡಿಲ ಉಳಿದಿದೆಯೇ ಎಂಬುದು. ಇದನ್ನು ನೀವೇ ನೋಡಬಹುದು. ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಸಿಲಿಂಡರಿನಲ್ಲಿ ತೋಟೆ ಕೂರುವ ಆರೂ ಕೋಣೆಗಳು ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗುಂಡು ಹಾರಿದರೂ ಯಾರಿಗೂ ಅಪಾಯವಾಗದ ದಿಕ್ಕಿಗೆ ಮೂತಿ ಹಿಡಿಯಿರಿ. ಸಿಲಿಂಡರಿನ ಮೇಲೆ ಒಂದು ಬೆರಳನ್ನು ಮೆಲ್ಲಗೆ ಒತ್ತಿಟ್ಟು, ತೋಟೆಗೆ ಏಟು ಕೊಡುವ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಏರಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ತನ್ನ ಜಾಗಕ್ಕೆ ಬಂದು ನಿಂತಿರಬೇಕು. ಒಂದು ಕೋಣೆ ಸರಿಯಿದ್ದರೆ ಸಾಲದು, ಆರನ್ನೂ ನೋಡಬೇಕು. ಆರರಲ್ಲಿ ಒಂದೇ ತಡವಾಗಿ ಬರುವ ರಿವಾಲ್ವರುಗಳನ್ನು ನಾನು ಕಂಡಿದ್ದೇನೆ. ಆಮೇಲೆ ಟ್ರಿಗರನ್ನು ಕೊನೆಯವರೆಗೆ ಎಳೆದು ಹಿಡಿದುಕೊಂಡೇ ಸಿಲಿಂಡರನ್ನು ಅಲುಗಿಸಿ ನೋಡಿ. ಕೂದಲೆಳೆಯಷ್ಟು ಚಲನೆ ಇದ್ದರೆ ತೊಂದರೆಯಿಲ್ಲ, ಏಕೆಂದರೆ ನಳಿಗೆಯ ಹಿಂಬದಿಯ ಬಾಯಿಯನ್ನು ಅದಕ್ಕೆಂದೇ ತುಸು ಅಗಲಿಸಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ ಆಡುತ್ತಿದ್ದರೆ, ಅಥವಾ ಹಾರಿಸುವಾಗ ಸೀಸದ ಸಣ್ಣ ಚೂರುಗಳು ಪಕ್ಕದಲ್ಲಿದ್ದವರಿಗೆ ಚುಚ್ಚಿದಂತಾಗಿದ್ದರೆ, ಮುಂದೆ ಒಂದು ಗುಂಡನ್ನೂ ಹಾರಿಸಬೇಡಿ.

ಆ ಗೀರು, ಸಿಲಿಂಡರನ್ನು ತಡೆದು ನಿಲ್ಲಿಸುವ ಸಣ್ಣ ಲೋಹದ ತುಂಡು ಉಜ್ಜುವುದರಿಂದ ಬೀಳುವಂಥದ್ದು. ಬಣ್ಣ ಹೋದೀತು, ಬಲ ಕುಗ್ಗುವುದಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಇರುತ್ತದೆ, ಅಷ್ಟೂ ಇಲ್ಲದಿದ್ದರೆ ಮಸಿ ಕಟ್ಟಿ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜಿನಿಂದ ಅಳೆಯಬಹುದು, 0.25 ಮಿ.ಮೀ. ದಾಟಿದ್ದರೆ ದೂರು ಕೊಡಿ. ಆ ಸಂದಿನಿಂದ ಸುಡುವ ಅನಿಲ ಪಕ್ಕಕ್ಕೆ ಚಿಮ್ಮುವುದರಿಂದ ಹಿಡಿಯುವ ಕೈಯ ಬೆರಳು ಎಂದೂ ಅದರ ಹತ್ತಿರ ಇರಬಾರದು.

ಟ್ರಿಗರ್ ಬಿಗಿ ಎಂಬುದಕ್ಕೆ ಕಾರಣವಿದೆ. ಹ್ಯಾಮರನ್ನು ಮೊದಲೇ ಏರಿಸಿಕೊಂಡರೆ ಸುಮಾರು ಎರಡು ಕಿಲೋ ಎಳೆತ ಸಾಕು. ಏರಿಸದೆ ನೇರವಾಗಿ ಎಳೆದರೆ ಅದೇ ಬೆರಳು ಸಿಲಿಂಡರನ್ನೂ ತಿರುಗಿಸಿ ಹ್ಯಾಮರನ್ನೂ ಎತ್ತಬೇಕಾದ್ದರಿಂದ ಐದಾರು ಕಿಲೋ ಬೇಕಾಗುತ್ತದೆ. ಸ್ಪ್ರಿಂಗನ್ನು ಕತ್ತರಿಸಿ ಹಗುರ ಮಾಡಿಕೊಡುತ್ತೇನೆ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ, ಅದು ನಿಮ್ಮ ಕೊನೆಯ ಸಾಲಿನ ತೊಂದರೆಯನ್ನೇ ಹೆಚ್ಚಿಸುತ್ತದೆ.

ಮೊದಲ ಏಟಿಗೆ ಸಿಡಿಯದೆ ಎರಡನೆಯದಕ್ಕೆ ಸಿಡಿಯುವ ತೋಟೆಯ ಪ್ರೈಮರ್ (ತಳದಲ್ಲಿದ್ದು ಏಟಿಗೆ ಹೊತ್ತಿಕೊಳ್ಳುವ ಸಣ್ಣ ಭಾಗ) ತನ್ನ ಗುಳಿಯಲ್ಲಿ ಪೂರ್ತಿ ಕುಳಿತಿರಲಿಲ್ಲ, ಅಥವಾ ಹ್ಯಾಮರಿನ ಏಟು ದುರ್ಬಲವಾಗಿತ್ತು. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ತುಂಬಿದ ದಪ್ಪ ಗ್ರೀಸ್ ಒಳಗೇ ಉಳಿದಿದ್ದರೂ ಏಟು ಮಂದವಾಗುತ್ತದೆ. ಆಯುಧಪೂಜೆಯ ಮರುದಿನ ಕುಂಕುಮ ಮತ್ತು ಎಣ್ಣೆ ಸೇರಿ ಹ್ಯಾಮರಿನ ಸಂದಿಯಲ್ಲಿ ಮೆತ್ತಿಕೊಂಡದ್ದನ್ನು ನಾನು ಎಷ್ಟೋ ಸಲ ತೆಗೆದಿದ್ದೇನೆ. ಪೂಜೆ ಮಾಡುವುದಾದರೆ ಹಿಡಿಕೆಗೆ ಮಾತ್ರ ಕುಂಕುಮವಿಡಿ. ಹ್ಯಾಮರ್ ಏರಿಸಿ ಹಾರಿಸಿದಾಗ ಎಲ್ಲವೂ ಸಿಡಿದು, ನೇರವಾಗಿ ಎಳೆದಾಗ ಮಾತ್ರ ತಪ್ಪುತ್ತಿದ್ದರೆ ಅನುಮಾನ ಸ್ಪ್ರಿಂಗಿನ ಮೇಲೆ ಹೋಗುತ್ತದೆ. ಬೇರೆ ಪೆಟ್ಟಿಗೆಯ ತೋಟೆಗಳಲ್ಲಿ ತೊಂದರೆಯೇ ಕಾಣದಿದ್ದರೆ ತಪ್ಪು ತೋಟೆಯದು.

ಆದರೆ ಇದಕ್ಕೆಲ್ಲ ಮುಂಚೆ, ತೋಟೆ ಸಿಡಿಯದಿದ್ದಾಗ ನೀವು ಏನು ಮಾಡಿದಿರಿ ಎಂಬುದು ನನಗೆ ಮುಖ್ಯ. ಪ್ರೈಮರ್ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಸಿಡಿಯಲಿಲ್ಲವೆಂದು ತಕ್ಷಣ ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ, ಆ ತೋಟೆ ನಳಿಗೆಯ ಎದುರಿನಿಂದ ಸರಿದು ಹೋಗಿರುತ್ತದೆ. ಆಗ ಅದು ಹೊತ್ತಿಕೊಂಡರೆ ಗುಂಡಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ, ಒಡೆಯುವುದು ನಿಮ್ಮ ಕೈಯಲ್ಲಿರುವ ರಿವಾಲ್ವರ್. ಆದ್ದರಿಂದ ಟ್ರಿಗರಿನಿಂದ ಬೆರಳು ತೆಗೆದು, ಮೂತಿಯನ್ನು ಗುರಿಯತ್ತಲೇ ಇಟ್ಟು, ಕನಿಷ್ಠ ಮೂವತ್ತು ಸೆಕೆಂಡ್ ಕಾಯಿರಿ, ಆನಂತರವೇ ತೆರೆಯಿರಿ. ಸದ್ದು ಎಂದಿಗಿಂತ ಸಣ್ಣದಾಗಿ ಬಂದಾಗಲೂ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿಲ್ಲವೆಂದು ನೋಡದೆ ಮುಂದಿನದನ್ನು ಹಾರಿಸಬೇಡಿ.

ಬಿಚ್ಚಿ ಸರಿಪಡಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದುರಸ್ತಿಯನ್ನು ವೃತ್ತಿಯಾಗಿ ಮಾಡುವವರಿಗೆ ಪ್ರತ್ಯೇಕ ಪರವಾನಗಿ ಇರಬೇಕು, ಅಂಥವರ ಬಳಿಗೇ ಒಯ್ಯಿರಿ. ನಿಮ್ಮ ಪರವಾನಗಿ, ಖರೀದಿಯ ಬಿಲ್ಲು, ಅದೇ ಪೆಟ್ಟಿಗೆಯಲ್ಲಿ ಉಳಿದ ತೋಟೆಗಳು ಜೊತೆಗಿರಲಿ. ರಿವಾಲ್ವರನ್ನು ಅಲ್ಲಿಯೇ ಬಿಟ್ಟು ಬರುವುದಾದರೆ ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಿರಿ. ಎರಡು ಬೇರೆ ಬೇರೆ ಪೆಟ್ಟಿಗೆಯ ತೋಟೆಗಳನ್ನು ನಿಮ್ಮೆದುರು ಹಾರಿಸಿ, ಖಾಲಿ ಕವಚಗಳ ಮೇಲಿನ ಏಟಿನ ಗುರುತು ಆಳವಾಗಿದೆಯೇ, ನಡುವಿಗೆ ಬಿದ್ದಿದೆಯೇ ಎಂದು ತೋರಿಸುವಂತೆಯೂ ಅವರನ್ನು ಕೇಳಿ.