ಕಾಡಿನ ನಕ್ಷೆ ಹಿಡಿದ ಡಾಕ್ಟರು

ಪ್ರಶ್ನೆ: ನಮ್ಮ ಕಂಪನಿ ನಾಟಕಗಳಲ್ಲಿ ಕಾಡು ಅಂದ್ರೆ ಬಣ್ಣ ಬಳಿದ ಒಂದು ಪರದೆ. 19ನೇ ಶತಮಾನದ ಯುರೋಪಿನಲ್ಲೂ ಅಷ್ಟೇನಾ? ಕಾಡು ಹಾಳಾಗುತ್ತಿದೆ ಅಂತ ಆಗ ಯಾರಾದರೂ ರಂಗದ ಮೇಲೆ ಮಾತಾಡಿದ್ದಾರಾ?
- ಸಾಗರದ ಓದುಗರೊಬ್ಬರು

ಉತ್ತರ: ಬಹುಪಾಲು ಅಲ್ಲೂ ಪರದೆಯೇ. ಆದರೆ ಮಾತಾಡಿದವರೂ ಇದ್ದಾರೆ. ರಷ್ಯಾದ ಚೆಕಾಫ್ ಬರೆದ 'ಅಂಕಲ್ ವಾನ್ಯಾ' ನಾಟಕ 1897ರಲ್ಲಿ ಅಚ್ಚಾಯಿತು. ಅದರಲ್ಲಿ ಆಸ್ತ್ರೋವ್ ಅಂತ ಒಬ್ಬ ಹಳ್ಳಿ ಡಾಕ್ಟರ್. ವೋಡ್ಕಾ ಕುಡಿಯುತ್ತಾನೆ, ಗಿಡ ನೆಡುತ್ತಾನೆ. ಮೂರನೇ ಅಂಕದಲ್ಲಿ ಯೆಲೆನಾ ಎಂಬ ಚೆಲುವೆಗೆ ತಾನೇ ಬರೆದ ನಕ್ಷೆ ಬಿಡಿಸಿ ತೋರಿಸುತ್ತಾನೆ. ಐವತ್ತು ವರ್ಷದ ಹಿಂದೆ ತಾಲ್ಲೂಕಿನ ಅರ್ಧ ಭಾಗ ಹಸಿರು, ಕಾಡಿನಲ್ಲಿ ಎಲ್ಕ್ ಎಂಬ ಭಾರಿ ಜಿಂಕೆ, ಕೆರೆಯಲ್ಲಿ ಹಂಸ, ಬಾತು. ಇಪ್ಪತ್ತೈದು ವರ್ಷದ ಹಿಂದೆ ಹಸಿರು ಮೂರನೇ ಒಂದು ಪಾಲಿಗೆ ಇಳಿದಿದೆ. ಈಗಿನದರಲ್ಲಿ ಅಲ್ಲೊಂದು ಇಲ್ಲೊಂದು ತೇಪೆ ಅಷ್ಟೇ. ಎಲ್ಕೂ ಇಲ್ಲ, ಹಂಸವೂ ಇಲ್ಲ.

ಅವನು ಸುಮ್ನೆ ಮರಕ್ಕಾಗಿ ಅಳುವವನಲ್ಲ. ಕಡಿದ ಜಾಗದಲ್ಲಿ ರಸ್ತೆ, ರೈಲು, ಶಾಲೆ ಬಂದಿದ್ದರೆ, ಜನ ಗಟ್ಟಿಯಾಗಿ ನಾಲ್ಕು ಕಾಸು ಕಂಡಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಅನ್ನುತ್ತಾನೆ. ಆದರೆ ಅದೇ ಜವುಗು, ಅದೇ ಸೊಳ್ಳೆ, ಅದೇ ಟೈಫಸ್ ಜ್ವರ. ಹಸಿದವರು, ಚಳಿಗೆ ನಡುಗುವವರು ಕೈಗೆ ಸಿಕ್ಕಿದ್ದನ್ನು ಕಡಿಯುತ್ತಾರೆ, ನಾಳೆಯ ಯೋಚನೆ ಅವರಿಗೆಲ್ಲಿ?

ನನಗೆ ತುಂಬ ಹಿಡಿಸುವುದು ಇದರ ಮುಂದಿನ ಕ್ಷಣ. ಯೆಲೆನಾ ಬಂದಿರುವುದು ಬೇರೆ ವಿಷಯಕ್ಕೆ. ಮಲಮಗಳು ಸೋನ್ಯಾ ಈ ಡಾಕ್ಟರನ್ನು ಪ್ರೀತಿಸುತ್ತಿದ್ದಾಳೆ, ಅವನ ಮನಸ್ಸು ತಿಳಿಯಬೇಕು, ನಕ್ಷೆ ಬರೀ ನೆಪ. ಅವನಿಗೆ ಅವಳ ಮುಖ ನೋಡಿಯೇ ಗೊತ್ತಾಗುತ್ತದೆ, ಇವಳಿಗೆ ಇದರಲ್ಲಿ ಆಸಕ್ತಿ ಇಲ್ಲ ಅಂತ. ಕಾಡಿನ ಬಗ್ಗೆ ಅಷ್ಟು ಒಳ್ಳೆಯ ಭಾಷಣ ಬರೆದು, ಅದನ್ನು ಕೇಳಿಸಿಕೊಳ್ಳದವಳನ್ನೇ ಎದುರಿಗೆ ಕೂರಿಸುವುದು ಇದೆಯಲ್ಲ, ಅದಕ್ಕೆ ಎದೆಗಾರಿಕೆ ಬೇಕು. ಚೆಕಾಫ್ 1889ರಲ್ಲಿ 'ವುಡ್ ಡೆಮನ್' ಅಂತ ಇದೇ ಕಥೆಯ ಮೊದಲ ರೂಪ ಬರೆದಿದ್ದ, ಅಲ್ಲಿ ಕಾಡಿನ ಹುಚ್ಚಿನ ಡಾಕ್ಟರಿಗೆ ಕೊನೆಗೆ ಸೋನ್ಯಾ ಸಿಗುತ್ತಾಳೆ, ಎಲ್ಲ ಸುಖಾಂತ. ಆ ನಾಟಕ ಬಿದ್ದುಹೋಯಿತು.

ನಾರ್ವೆಯ ಇಬ್ಸೆನ್ ಇದಕ್ಕೂ ಮೊದಲೇ, 1882ರಲ್ಲಿ, ನೀರಿನ ವಿಷಯ ಎತ್ತಿದ್ದ. ಊರಿಗೆ ದುಡ್ಡು ತರುವ ಸ್ನಾನಗೃಹಗಳ ನೀರು ಚರ್ಮ ಹದ ಮಾಡುವ ಕಾರ್ಖಾನೆಗಳಿಂದ ಕೆಟ್ಟಿದೆ ಅಂದ ಡಾಕ್ಟರನ್ನೇ ಊರವರು ಜನರ ಶತ್ರು ಅಂತ ಸಾರುತ್ತಾರೆ. (ಇಲ್ಲೂ ಡಾಕ್ಟರೇ, ನೋಡಿ.) ಸತ್ಯಜಿತ್ ರಾಯ್ ಇದೇ ನಾಟಕದಿಂದ ಮಾಡಿದ 'ಗಣಶತ್ರು' ಸಿನಿಮಾದಲ್ಲಿ ಆ ನೀರನ್ನು ದೇವಸ್ಥಾನದ ತೀರ್ಥ ಮಾಡಿದರು.

ಪ್ರಶ್ನೆ: ಕರೆಂಟೇ ಇಲ್ಲದ ಕಾಲದಲ್ಲಿ ರಂಗದ ಮೇಲೆ ಮಳೆ, ಗುಡುಗು, ಬೆಳದಿಂಗಳು ಹೇಗೆ ತರಿಸುತ್ತಿದ್ದರು?
- ಹಾವೇರಿಯ ಓದುಗರೊಬ್ಬರು

ಉತ್ತರ: ಗುಡುಗಿಗೆ ದೊಡ್ಡ ಕಬ್ಬಿಣದ ತಗಡು ತೂಗುಹಾಕಿ ಅಲ್ಲಾಡಿಸುತ್ತಿದ್ದರು. ಕೆಲವು ಕಡೆ ಪ್ರೇಕ್ಷಕರ ತಲೆಯ ಮೇಲೆ, ಚಾವಣಿಯ ಹಿಂದೆ, ಮರದ ದೋಣಿಗಳಲ್ಲಿ, ಅಂದ್ರೆ ಕಾಲುವೆಯಂಥ ಉದ್ದನೆಯ ತೊಟ್ಟಿಗಳಲ್ಲಿ, ಕಬ್ಬಿಣದ ಗುಂಡು ಉರುಳಿಸುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹಳೆಯ ರಂಗಮಂದಿರದಲ್ಲಿ ಆ ದೋಣಿಗಳು ಇವತ್ತಿಗೂ ಇವೆ. ಬೆಳದಿಂಗಳಿಗೆ ಸುಣ್ಣದ ತುಂಡು: ಆಕ್ಸಿಜನ್ ಮತ್ತು ಹೈಡ್ರೋಜನ್ ಉರಿಯಲ್ಲಿ ಅದನ್ನು ಕಾಯಿಸಿದರೆ ಬೆಳ್ಳಗೆ ಹೊಳೆಯುತ್ತದೆ. ಲೈಮ್‌ಲೈಟ್‌ನಲ್ಲಿದ್ದಾರೆ ಅಂತೀವಲ್ಲ, ಅದು ಇದೇ ಸುಣ್ಣದ ಬೆಳಕು. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಂತೂ 1823ರಲ್ಲಿ ಗಂಗೆಯ ಜಲಪಾತ ಅಂತ ನಿಜವಾದ ನೀರನ್ನೇ ಸುರಿಸಿ, ಅದರ ಮೇಲೆ ಕುದುರೆ ಹತ್ತಿಸಿದರು!

ಮಳೆ ಇವೆಲ್ಲಕ್ಕಿಂತ ಸುಲಭ. ಉದ್ದನೆಯ ಪೆಟ್ಟಿಗೆಯಲ್ಲಿ ಒಣ ಬಟಾಣಿ ಹಾಕಿ ನಿಧಾನಕ್ಕೆ ಓರೆ ಮಾಡಬೇಕು. ಮನೆಯಲ್ಲಿ ರಟ್ಟಿನ ಡಬ್ಬಿಯಲ್ಲಿ ಮಾಡಿ ನೋಡಿ. ಗಡಿಬಿಡಿ ಮಾಡಿದರೆ ಮಾತ್ರ ಮಳೆ ಬರಲ್ಲ, ಆಲಿಕಲ್ಲು ಬೀಳುತ್ತದೆ.